ಖಾಲಿ ಓಡಿಸಿ ನೋಡಿದ ಮೋಟರ್

ನನ್ನ ಅಕ್ಕನ ಗಂಡ, ಅಂದರೆ ನಮ್ಮ ಭಾವ, ಕನ್ನಡಕದ ಗಾಜು ಉಜ್ಜುವವರು. ಇಪ್ಪತ್ತೊಂಬತ್ತು ವರ್ಷದಿಂದ ಒಂದೇ ಅಂಗಡಿ, ಒಂದೇ ಬೆಂಚು, ಒಂದೇ ಸ್ಟೂಲು. ಡಾಕ್ಟರ ಚೀಟಿಯ ಜೊತೆ ದುಂಡನೆಯ ಗಾಜು ಬರುತ್ತದೆ. ಅದರ ಅಂಚು ಉಜ್ಜಿ ಫ್ರೇಮಿನೊಳಗೆ ಕೂರಿಸಬೇಕು. ಅರ್ಧ ಮಿಲಿಮೀಟರ್ ಹೆಚ್ಚಾದರೆ ಗಾಜು ಒಳಗೆ ಇಳಿಯುವುದಿಲ್ಲ, ಅರ್ಧ ಮಿಲಿಮೀಟರ್ ಕಡಿಮೆಯಾದರೆ ಗಿರಾಕಿ ಒಂದು ಸಲ ಸೀನಿದರೆ ಸಾಕು, ಗಾಜು ಊಟದ ತಟ್ಟೆಯಲ್ಲಿ. ಈ ಮಾತನ್ನು ಅವರು ಎಷ್ಟು ಸಲ ಹೇಳಿದ್ದಾರೆಂದರೆ ಬೀದಿಯವರೆಲ್ಲ ಅವರಿಗೆ ‘ಅರ್ಧ ಮಿಲಿ’ ಅಂತಲೇ ಹೆಸರಿಟ್ಟಿದ್ದಾರೆ. ಅವರು ಅದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ, ಯಾರಾದರೂ ಕೂಗಿದರೆ ತಿರುಗಿಯೂ ನೋಡುತ್ತಾರೆ.

ಅವರ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಕೂತಿದ್ದೇನೆ. ಮಧ್ಯೆ ನಾನು ಬಂದಾಗಲೆಲ್ಲ ಓದುವವರು ಸ್ವಲ್ಪ ಮುಖ ಆಚೆ ತಿರುಗಿಸಿಕೊಂಡರೆ ಉಪಕಾರವಾಗುತ್ತದೆ. ಆದರೆ ಬಾರದೆ ಇರುವ ಹಾಗೂ ಇಲ್ಲ. ಈ ಕಥೆಯಲ್ಲಿ ಕೆಟ್ಟದ್ದೆಲ್ಲ ನನ್ನ ಕೈಯಿಂದಲೇ ಆದದ್ದು.

ನನ್ನದು ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟ ಪಂಪು, ಮಿಕ್ಸಿ, ಟೇಬಲ್ ಫ್ಯಾನು, ಗಿರಣಿಯ ಮೋಟರು, ಏನೇ ತಂದರೂ ಹಳೆ ತಂತಿ ಕಿತ್ತು ಹೊಸ ತಾಮ್ರ ಸುತ್ತಿ, ವಾರ್ನಿಷ್ ಬಳಿದು, ಒಣಗಿಸಿ ಕೊಡುತ್ತೇನೆ. ಮೂವತ್ತು ವರ್ಷವಾಯಿತು. ಕೆಲಸ ಬರುತ್ತದೆ ಅಂತ ಹೇಳಿಕೊಂಡರೆ ತಪ್ಪಲ್ಲ. ಬೇರೆಯವರಿಗೆ ಬರುವುದಿಲ್ಲ ಅಂತ ದಿನಕ್ಕೆ ಹತ್ತು ಸಲ ಹೇಳುವುದು ತಪ್ಪು. ನಾನು ಹತ್ತು ಸಲ ಹೇಳುವವನು.

ಭಾವನಿಗೆ ಐವತ್ತಮೂರನೆಯ ವಯಸ್ಸಿನಲ್ಲಿ ವಿಮಾನದ ಹುಚ್ಚು ಹಿಡಿಯಿತು. ಹಿಡಿಸಿದವರು ಶಾಲೆಯ ಡ್ರಾಯಿಂಗ್ ಮೇಷ್ಟ್ರೊಬ್ಬರು. ಕನ್ನಡಕ ಮಾಡಿಸಿಕೊಳ್ಳಲು ಬಂದವರು ದೂರದ್ದು ಚೆನ್ನಾಗಿ ಕಾಣಬೇಕು ಅಂದರಂತೆ. ಯಾಕೆ ಅಂತ ಇವರು ಕೇಳಿದ್ದಕ್ಕೆ ರೇಡಿಯೋ ಕಂಟ್ರೋಲ್ ವಿಮಾನ ಹಾರಿಸುತ್ತೇನೆ ಅಂದರಂತೆ. ಆ ಭಾನುವಾರವೇ ಭಾವ ಮೈದಾನಕ್ಕೆ ಹೋದರು. ಮೂರು ತಿಂಗಳು ಮೇಷ್ಟ್ರ ಹಳೆಯ ವಿಮಾನದಲ್ಲಿ ಹಾರಿಸುವುದು ಕಲಿತರು. ಆಮೇಲೆ ತಮ್ಮದೇ ಒಂದು ಕಟ್ಟಲು ಕೂತರು.

ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಇಸ್ತ್ರಿ ಮಾಡುವ ಮೇಜೇ ಅವರ ಕಾರ್ಖಾನೆ. ಫೋಮ್ ಹಾಳೆಯ ರೆಕ್ಕೆ, ತೆಳು ಮರದ ಪಟ್ಟಿ, ಸೈಕಲ್ ಕಡ್ಡಿಯಿಂದ ಬಗ್ಗಿಸಿದ ಗಾಲಿಯ ಕಾಲು. ರೆಕ್ಕೆ ಎಡಕ್ಕೂ ಬಲಕ್ಕೂ ಒಂದೇ ತೂಕ ಇರಬೇಕು ಅಂತ ಅಡಿಗೆಮನೆಯ ತಕ್ಕಡಿ ಎತ್ತಿಕೊಂಡು ಹೋಗಿ ಮೂರು ದಿನ ವಾಪಸ್ ಕೊಡಲಿಲ್ಲ. ಅಕ್ಕ ನನ್ನ ಹತ್ತಿರ ದೂರಿದಳು.

“ನಿಮ್ಮ ಭಾವಂಗೆ ಏನಾಗಿದೆಯೋ? ಮದುವೆ ಆಗಿ ಇಷ್ಟು ವರ್ಷ ಆಯ್ತು, ನನ್ನ ಸೀರೆ ಬಣ್ಣ ಯಾವುದು ಅಂತ ನೋಡಿದವರಲ್ಲ. ಈಗ ವಿಮಾನಕ್ಕೆ ಹಳದಿ ಬಳಿಯೋದಾ ಕೆಂಪು ಬಳಿಯೋದಾ ಅಂತ ಊಟ ಬಿಟ್ಟು ಕೂತಿದ್ದಾರೆ!”

ದೂರುತ್ತಿದ್ದರೂ ಮುಖದಲ್ಲಿ ನಗು ಇತ್ತು. ಹಳದಿ ಅಂತ ತೀರ್ಮಾನ ಮಾಡಿದವಳೂ ಅವಳೇ.

ಎಂಟು ತಿಂಗಳಿಗೆ ಮೈ ತಯಾರಾಯಿತು. ಉಳಿದದ್ದು ಮೋಟರು ಮತ್ತು ಅದರ ಜೊತೆಯ ಎಲೆಕ್ಟ್ರಾನಿಕ್ಸ್. ಬಿಡಿಭಾಗದ ಅಂಗಡಿಯವರು ಒಂದು ಮೋಟರ್ ಕೊಟ್ಟಿದ್ದರು, ನೋಡಿ ಆರಿಸಿಕೊಳ್ಳಿ ಅಂತ ಎರಡು ಸ್ಪೀಡ್ ಕಂಟ್ರೋಲರ್ ಕೊಟ್ಟಿದ್ದರು. ಕಂಟ್ರೋಲರ್ ಅಂದರೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಬ್ಯಾಟರಿಗೂ ಮೋಟರಿಗೂ ನಡುವೆ ಕೂತು, ಎಷ್ಟು ಕರೆಂಟ್ ಬಿಡಬೇಕೋ ಅಷ್ಟು ಬಿಡುತ್ತದೆ. ವಿಮಾನದೊಳಗಿನ ರೇಡಿಯೋ ರಿಸೀವರಿಗೂ ರೆಕ್ಕೆ ಬಾಲ ಅಲ್ಲಾಡಿಸುವ ಸಣ್ಣ ಮೋಟರುಗಳಿಗೂ ಅನ್ನ ಹಾಕುವುದು ಇದೇ. ಇದು ಸತ್ತರೆ ಎಲ್ಲವೂ ಸತ್ತ ಹಾಗೆ. ಎರಡರಲ್ಲಿ ಒಂದು ಇಪ್ಪತ್ತು ಆಂಪಿಯರ್ ತಾಳುವುದು, ಇನ್ನೊಂದು ನಲವತ್ತು.

ಭಾವ ಎಲ್ಲವನ್ನೂ ಒಂದು ಡಬ್ಬಿಯಲ್ಲಿಟ್ಟುಕೊಂಡು ನನ್ನ ಅಂಗಡಿಗೆ ಬಂದರು. ಎದುರಿಗೆ ನಾಲ್ಕು ಜನ ಗಿರಾಕಿಗಳು ಕೂತಿದ್ದರು. ನಾಲ್ಕು ಜನ ಇದ್ದರೆ ನನ್ನ ನಾಲಿಗೆಗೆ ಬ್ರೇಕು ಇರುವುದಿಲ್ಲ.

ನಿಜ ಹೇಳುತ್ತೇನೆ. ಅಂಥ ಮೋಟರನ್ನು ನಾನು ಅವತ್ತಿನವರೆಗೆ ಕೈಯಲ್ಲಿ ಹಿಡಿದವನಲ್ಲ. ಹೊರಗಿನ ಡಬ್ಬಿಯೇ ತಿರುಗುತ್ತದೆ, ತಾಮ್ರ ಒಳಗೆ ಸುಮ್ಮನೆ ಕೂತಿರುತ್ತದೆ, ಕಾರ್ಬನ್ ಬ್ರಷ್ ಅನ್ನುವುದೇ ಇಲ್ಲ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡು ‘ಇದು ನನಗೆ ಹೊಸದು ಭಾವ’ ಅನ್ನಬೇಕಿತ್ತು. ಅದರ ಬದಲು ಅಂಗೈಯಲ್ಲಿ ತೂಗಿದೆ, ಎರಡು ಬೆರಳಲ್ಲಿ ತಿರುಗಿಸಿದೆ, ಕಿವಿಗೆ ಹಿಡಿದೆ, ಒಳಗಿನ ಸುತ್ತು ನೋಡಿ “ಹೂಂ, ತಾಮ್ರಕ್ಕೆ ಮೋಸ ಮಾಡಿಲ್ಲ” ಅಂದೆ. ಗಿರಾಕಿಗಳು ತಲೆಯಾಡಿಸಿದರು.

ಭಾವ ಮೋಟರಿನ ಜೊತೆ ಬಂದ ಚೀಟಿ ತೆಗೆದರು. ಗಾಜು ನೋಡುವ ಭೂತಗನ್ನಡಿ ಹಿಡಿದು ಅದರ ಸಣ್ಣ ಅಕ್ಷರವನ್ನೆಲ್ಲ ಆಗಲೇ ಓದಿದ್ದರು.

“ನೋಡೋ, ಹತ್ತು ಇಂಚಿನ ಪ್ರೊಪೆಲರ್ ಹಾಕಿದ್ರೆ ಇಪ್ಪತ್ತೆಂಟು ಆಂಪಿಯರ್ ಎಳೆಯುತ್ತೆ ಅಂತ ಇದರಲ್ಲಿದೆ.”

“ಅದು ಸ್ಟಾರ್ಟಿಂಗ್ ಕರೆಂಟು ಭಾವ,” ಅಂದೆ, ಚೀಟಿಯ ಕಡೆ ನೋಡದೆಯೇ. “ಎಲ್ಲಾ ಮೋಟರೂ ಏಳುವಾಗ ಹಾಗೇ ಎಳೆಯೋದು. ನಮ್ಮ ಪಂಪುಗಳು ಐದು ಪಟ್ಟು, ಆರು ಪಟ್ಟು ಎಳೆಯುತ್ತೆ. ಒಂದ್ಸಲ ಎದ್ದು ಓಡೋಕೆ ಶುರು ಮಾಡಿದ್ಮೇಲೆ ಇಳಿದುಬಿಡುತ್ತೆ.”

ಪಂಪಿಗೆ ಅದು ಸರಿಯಾದ ಮಾತು. ಗಾಳಿಯನ್ನು ತಳ್ಳುವ ಪ್ರೊಪೆಲರಿಗೆ ಪೂರ್ತಿ ತಪ್ಪು. ಅದು ನಿಧಾನ ತಿರುಗುವಾಗ ಕರೆಂಟು ಕಡಿಮೆ, ಜೋರಾದಷ್ಟೂ ಏರುತ್ತದೆ, ಜೋರಾಗಿ ಓಡುವಷ್ಟು ಹೊತ್ತೂ ಇಳಿಯುವುದಿಲ್ಲ. ಇದು ನನಗೆ ಆಗ ಗೊತ್ತಿರಲಿಲ್ಲ.

ವೈಂಡಿಂಗ್ ಅಂಗಡಿಗಳಲ್ಲಿ ಒಂದು ಪದ್ಧತಿ ಇದೆ. ಮೋಟರ್ ಸುತ್ತಿ ಮುಗಿಸಿದ ಮೇಲೆ ಬೆಂಚಿನ ಮೇಲೆ ಖಾಲಿ ಓಡಿಸಿ ಮೀಟರ್ ಹಿಡಿದು ಗಿರಾಕಿಗೆ ತೋರಿಸುತ್ತೇವೆ. ಪಂಪು ಕಟ್ಟಿರುವುದಿಲ್ಲ, ಬೆಲ್ಟ್ ಹಾಕಿರುವುದಿಲ್ಲ. ಆ ಅಂಕಿ ಕಡಿಮೆ ಬಂದರೆ ಕೆಲಸ ಚೆನ್ನಾಗಿ ಆಗಿದೆ ಅಂತ ಲೆಕ್ಕ. ಅದನ್ನೇ ಮಾಡಿದೆ. ಇಪ್ಪತ್ತರ ಕಂಟ್ರೋಲರ್ ಸೇರಿಸಿ, ಪ್ರೊಪೆಲರ್ ಇಲ್ಲದೆ ಪೂರ್ತಿ ಜೋರಾಗಿ ಓಡಿಸಿದೆ. ಮೋಟರು ಸೊಳ್ಳೆಯ ಹಾಗೆ ಸಣ್ಣಗೆ ಕೂಗಿತು. ಮೀಟರಿನಲ್ಲಿ ಎರಡು ಆಂಪಿಯರ್.

“ಎರಡು!” ಅಂದೆ, ಗಿರಾಕಿಗಳಿಗೂ ಕಾಣುವ ಹಾಗೆ ಮೀಟರ್ ತಿರುಗಿಸಿ. “ನಿಮ್ಮ ಚೀಟಿ ಇಪ್ಪತ್ತೆಂಟು ಅನ್ನುತ್ತೆ. ಆ ನಲವತ್ತರದ್ದು ವಾಪಸ್ ಕೊಟ್ಟುಬಿಡಿ, ವಿಮಾನಕ್ಕೆ ಸುಮ್ನೆ ಭಾರ.”

ಭಾವ ಮೀಟರನ್ನೂ ಚೀಟಿಯನ್ನೂ ಒಂದೊಂದು ಸಲ ನೋಡಿದರು. “ಪ್ರೊಪೆಲರ್ ಹಾಕಿ ಒಂದ್ಸಲ ನೋಡೋಣ್ವಾ?”

“ಭಾವ, ನೀವು ಗಾಜು ಉಜ್ಜಿ. ಮೋಟರು ನನಗೆ ಬಿಡಿ.”

ನಾಲ್ವರೂ ನಕ್ಕರು. ಭಾವನೂ ನಕ್ಕರು. ಅವರದ್ದೊಂದು ಸ್ವಭಾವವಿದೆ, ಕೆಲಸ ಬಲ್ಲವನನ್ನು ಅವನ ಬೆಂಚಿನ ಮುಂದೆಯೇ ನಿಂತು ಎದುರು ಪ್ರಶ್ನೆ ಕೇಳುವುದಿಲ್ಲ. ತಮಗೆ ಹಾಗೆ ಮಾಡಿದರೆ ಅವರಿಗೆ ಸೇರುವುದಿಲ್ಲ, ಅದಕ್ಕೆ ಇನ್ನೊಬ್ಬರಿಗೂ ಮಾಡುವುದಿಲ್ಲ. ನಲವತ್ತರ ಕಂಟ್ರೋಲರನ್ನು ಜೋಪಾನವಾಗಿ ಕಾಗದದಲ್ಲಿ ಸುತ್ತಿ ಡಬ್ಬಿಗೆ ಹಾಕಿಕೊಂಡು ವಾಪಸ್ ಕೊಡಲು ಹೋದರು.

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಮೈದಾನ. ಅಕ್ಕ ಫ್ಲಾಸ್ಕಿನಲ್ಲಿ ಟೀ ತಂದಿದ್ದಳು. ಮೇಷ್ಟ್ರು ವಿಮಾನವನ್ನು ಹಿಂದೆ ಮುಂದೆ ತಿರುಗಿಸಿ, ಬಾಲ ಅಲ್ಲಾಡಿಸಿ ನೋಡಿ “ಕೈ ಕೆಲಸ ಅಂದ್ರೆ ಇದು” ಅಂದರು. ನಾನು ಇಬ್ಬರು ಗಿರಾಕಿಗಳನ್ನೂ ಕರೆದುಕೊಂಡು ಹೋಗಿದ್ದೆ, ನನ್ನ ಮೋಟರ್ ಹಾರುವುದನ್ನು ನೋಡಲಿ ಅಂತ. ನನ್ನ ಮೋಟರಂತೆ!

ನೆಲ ಉಬ್ಬುತಗ್ಗು, ಗಾಲಿ ಉರುಳುವ ಹಾಗಿರಲಿಲ್ಲ. ವಿಮಾನವನ್ನು ಎತ್ತಿ ಎಸೆದವನೂ ನಾನೇ. ಅದು ಕೈಯಿಂದ ಹೊರಟು ಒಂದಿಷ್ಟು ತಗ್ಗಿ, ಮತ್ತೆ ಮೂತಿ ಎತ್ತಿ ಏರಿತು. ಹಳದಿ ರೆಕ್ಕೆ ಬಿಸಿಲಿಗೆ ಬಂದಾಗ ಅಕ್ಕ ಚಪ್ಪಾಳೆ ತಟ್ಟಿದಳು. ಭಾವ ಎರಡು ಹೆಬ್ಬೆರಳನ್ನೂ ರಿಮೋಟಿನ ಕಡ್ಡಿಗಳ ಮೇಲಿಟ್ಟು ಬಾಯಿ ಅರ್ಧ ತೆರೆದು ನಿಂತಿದ್ದರು. ಆ ಮುಖವನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಒಂದು ಸುತ್ತು ಬಂತು. ಎರಡನೆಯ ಸುತ್ತಿನಲ್ಲಿ ಗಾಳಿಗೆ ಎದುರಾಗಿ ಹೋಗಬೇಕಾಗಿ ಬಂದು ಪೂರ್ತಿ ಜೋರು ಮಾಡಿದರು. ಸದ್ದು ನಿಂತಿತು. ಅಷ್ಟೇ. ರೆಕ್ಕೆ ವಾಲಿತು, ಭಾವ ಕಡ್ಡಿಯನ್ನು ಎತ್ತ ಒತ್ತಿದರೂ ಅದು ಕೇಳಲಿಲ್ಲ. ಮೈದಾನದಾಚೆಯ ಕಾಂಪೌಂಡ್ ಗೋಡೆಯ ಬುಡಕ್ಕೆ ಮೂತಿ ಕೆಳಗಾಗಿ ಬಿತ್ತು.

ಮೊದಲು ಓಡಿದವನು ನಾನು. ಇಪ್ಪತ್ತು ಹೆಜ್ಜೆ ದೂರದಲ್ಲೇ ವಾಸನೆ ಮೂಗಿಗೆ ಬಡಿಯಿತು. ಸುಟ್ಟ ವಾಸನೆಯನ್ನು ಮೂವತ್ತು ವರ್ಷ ಕುಡಿದ ಮೂಗು ನನ್ನದು, ಅದಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೋಟರು ಚೆನ್ನಾಗಿಯೇ ಇತ್ತು, ಬ್ಯಾಟರಿ ಉಳಿದಿತ್ತು. ಕಂಟ್ರೋಲರ್ ಕಪ್ಪಾಗಿ ಉಬ್ಬಿ, ಮುಟ್ಟಿದರೆ ಕೈ ಸುಡುತ್ತಿತ್ತು. ಆಮೇಲೆ ಮಾಡಿದ್ದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ತಂತಿಗಳನ್ನು ಕಿತ್ತು ಅದನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ. ತೊಡೆ ಚುರ್ ಅಂದಿತು. ತಿರುಗಿ ನೋಡಿದೆ, ಎಲ್ಲರೂ ಇನ್ನೂ ದೂರದಲ್ಲಿದ್ದರು.

“ಏನಾಯ್ತು?” ಅಂತ ಮೇಷ್ಟ್ರು ಏದುಸಿರು ಬಿಡುತ್ತ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಭಾವ ಹೇಳಿದರು. “ನನ್ನ ಕೈ ತಪ್ತು ಅನ್ಸುತ್ತೆ ಮೇಷ್ಟ್ರೇ. ಹೆಬ್ಬೆರಳು ನಡುಗ್ತು.”

ಆ ಮಾತು ನೆಲಕ್ಕೆ ಬೀಳುವ ಮೊದಲೇ ನಾನು ಹಿಡಿದುಕೊಂಡೆ. “ಮೊದಲ ಸಲ ಅಲ್ವಾ ಭಾವ, ಆಗುತ್ತೆ ಬಿಡಿ,” ಅಂದೆ. ಸಮಾಧಾನ ಬೇರೆ ಹೇಳಿದೆ! ಮುರಿದ ಚೂರುಗಳನ್ನೆಲ್ಲ ಅಕ್ಕ ಟೀ ತಂದ ಚೀಲಕ್ಕೆ ತುಂಬಿಕೊಂಡಳು.

ಅಲ್ಲಿಗೆ ಮುಗಿದಿದ್ದರೆ ಒಂದು ವಿಮಾನ ಹೋಯಿತು ಅಂದುಕೊಳ್ಳಬಹುದಿತ್ತು. ಆದರೆ ಅಕ್ಕನಿಗೆ ‘ಹೆಬ್ಬೆರಳು ನಡುಗ್ತು’ ಅನ್ನುವುದು ತಲೆಗೆ ಹೊಕ್ಕಿತು. ಈ ವಯಸ್ಸಿನಲ್ಲಿ ಕೈ ನಡುಗುವುದು ಅಂದರೇನು? ನರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಕೈ ಚಾಚಿಸಿ, ಬೆರಳು ಮೂಗಿಗೆ ಮುಟ್ಟಿಸಿ, ಏನೂ ಕಾಣುತ್ತಿಲ್ಲ, ನೋಡೋಣ ಅಂದರು. ಆ ‘ನೋಡೋಣ’ದಿಂದ ಅವಳ ಹೆದರಿಕೆ ಇಮ್ಮಡಿಯಾಯಿತು. ಭಾವನಿಗೆ ರಜೆ ಕೇಳಲು ಹೋದಾಗ ಕನ್ನಡಕದ ಅಂಗಡಿ ನಡೆಸುವ ಮೇಡಂ ಹತ್ತಿರ ಎಲ್ಲ ಹೇಳಿಕೊಂಡು ಕಣ್ಣೀರು ಹಾಕಿದಳು. ಮೇಡಂ ಒಳ್ಳೆಯವರೇ. ಉಜ್ಜುವ ಚಕ್ರದ ಮುಂದೆ ನಡುಗುವ ಕೈ ಬೇಡ ಅಂತ ಭಾವನನ್ನು ಬೆಂಚಿನಿಂದ ಎಬ್ಬಿಸಿ ಮುಂದಿನ ಕೌಂಟರಿಗೆ ಹಾಕಿದರು. ಇಪ್ಪತ್ತೊಂಬತ್ತು ವರ್ಷದ ಸ್ಟೂಲಿನ ಮೇಲೆ ಬೇರೆ ಯಾರೋ ಕೂತರು.

ನನಗೆ ಇದೆಲ್ಲ ಗೊತ್ತಿತ್ತು. ಅಕ್ಕನೇ ಫೋನ್ ಮಾಡಿ ಹೇಳುತ್ತಿದ್ದಳು. “ಹೌದಾ, ಪಾಪ,” ಅನ್ನುತ್ತಿದ್ದೆ. ಕಂಟ್ರೋಲರ್ ನನ್ನ ಅಂಗಡಿಯ ಡ್ರಾಯರಿನಲ್ಲಿ, ಹಳೆ ಬೇರಿಂಗುಗಳ ಕೆಳಗಿತ್ತು. ಸ್ಕ್ರೂಡ್ರೈವರ್ ಬೇಕಾದರೆ ಆ ಡ್ರಾಯರ್ ಎಳೆಯಲೇಬೇಕು. ದಿನಕ್ಕೆ ಹತ್ತು ಸಲ ಎಳೆದೆ, ಹತ್ತು ಸಲ ಮುಚ್ಚಿದೆ. ಬಿಸಾಡಬಹುದಿತ್ತು, ಬಿಸಾಡಲಿಲ್ಲ. ಹೇಳಬಹುದಿತ್ತು, ಹೇಳಲಿಲ್ಲ. ಇವತ್ತು ಹೇಳೋಣ ಅಂದುಕೊಂಡ ದಿನವೇ ಯಾರಾದರೂ ಬಂದು “ಮೋಟರ್ ಅಂದ್ರೆ ನಿಮ್ಮ ಹತ್ರಾನೇ ಬರ್ಬೇಕು” ಅನ್ನುತ್ತಿದ್ದರು, ನಾನು ಹಲ್ಲು ಕಿರಿಯುತ್ತಿದ್ದೆ. ಹೀಗೆ ಐದು ತಿಂಗಳು ಕಳೆಯಿತು. ಭಾವನ ಮನೆಗೆ ಹೋಗುವುದನ್ನೇ ಕಡಿಮೆ ಮಾಡಿದೆ.

ಕೊನೆಗೆ ಕಣ್ಣೇ ನನ್ನನ್ನು ಎಳೆದುಕೊಂಡು ಹೋಯಿತು. ಸಣ್ಣ ತಂತಿ ಎರಡೆರಡಾಗಿ ಕಾಣತೊಡಗಿ ಕನ್ನಡಕ ಬದಲಿಸಬೇಕಾಯಿತು. ಬೇರೆ ಅಂಗಡಿಗೆ ಹೋದರೆ ಅಕ್ಕ ಸುಮ್ಮನಿರುವುದಿಲ್ಲ. ಭಾವನ ಅಂಗಡಿಗೇ ಹೋದೆ.

ಭಾವ ಕೌಂಟರಿನಲ್ಲಿ ನಿಂತು ಒಂದು ಬಟ್ಟೆ ಹಿಡಿದು ಫ್ರೇಮುಗಳನ್ನು ಒರೆಸುತ್ತಿದ್ದರು. ಯಾರೋ ಹೆಂಗಸು ಫ್ರೇಮ್ ಹಾಕಿ ನೋಡುವಾಗ ಕನ್ನಡಿ ಹಿಡಿದರು. ಒಳಗಿನ ಗಾಜಿನ ಬಾಗಿಲಾಚೆ ಚಕ್ರದ ಸದ್ದು ಕೇಳುತ್ತಿತ್ತು. ಸದ್ದು ಸ್ವಲ್ಪ ಬದಲಾದರೂ ಭಾವನ ತಲೆ ಆ ಕಡೆ ಒಂದಿಷ್ಟು ತಿರುಗುತ್ತಿತ್ತು, ಮತ್ತೆ ಈ ಕಡೆ ಬರುತ್ತಿತ್ತು.

“ಬಾರೋ, ಕೂತ್ಕೋ,” ಅಂದರು. ಫ್ರೇಮ್ ನನ್ನ ಮುಖಕ್ಕೆ ಹಾಕಿ, ಗಾಜಿನ ಮೇಲೆ ಕಣ್ಣಿನ ನಡು ಗುರುತಿಸಲು ಸಣ್ಣ ಪೆನ್ನು ಹಿಡಿದರು. “ಅಲ್ಲಾಡಬೇಡ. ನನ್ನ ಹಣೆ ನೋಡು.”

ಪೆನ್ನಿನ ತುದಿ ನನ್ನ ಕಣ್ಣಿನ ಮುಂದೆ ಅರ್ಧ ಇಂಚು ದೂರದಲ್ಲಿ ನಿಂತಿತು. ಒಂದು ಕೂದಲಿನಷ್ಟೂ ಅಲ್ಲಾಡಲಿಲ್ಲ. ಆಗ ಹಿಂದಿನಿಂದ ಮೇಡಂ ಬಂದರು. “ಸರ್, ನೀವು ಬಿಡಿ, ಕಣ್ಣಿನ ಹತ್ರ ಅಲ್ವಾ, ಗುರುತು ನಾನು ಹಾಕ್ತೀನಿ,” ಅಂತ ಮೆಲ್ಲಗೆ, ಮರ್ಯಾದೆಯಿಂದಲೇ ಅಂದು ಪೆನ್ನು ತೆಗೆದುಕೊಂಡರು. ಭಾವ ಪೆನ್ನು ಕೊಟ್ಟು ಪಕ್ಕಕ್ಕೆ ಸರಿದರು. ಮೇಡಂ ಹಾಕಿದ ಚುಕ್ಕಿಯನ್ನು ನೋಡಿದರು. ಅದು ಅರ್ಧ ಮಿಲಿ ಆಚೆ ಇತ್ತು ಅಂತ ಅವರ ಮುಖವೇ ಹೇಳುತ್ತಿತ್ತು.

ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಆದರೂ ಅಲ್ಲಿ ಬಾಯಿ ಬಿಡಲಿಲ್ಲ ನೋಡಿ, ಅಷ್ಟು ಹೇಡಿ ನಾನು. ಎದ್ದು ನನ್ನ ಅಂಗಡಿಗೆ ಬಂದೆ, ಡ್ರಾಯರ್ ಎಳೆದೆ. ಸಂಜೆ ಭಾವ ಮನೆಗೆ ಬರುವ ಹೊತ್ತಿಗೆ ಅವರ ಬಾಗಿಲಲ್ಲಿ ನಿಂತಿದ್ದೆ.

ಹಿಂದಿನ ಕೋಣೆಯ ಮೇಜಿನ ಮೇಲೆ ಕಪ್ಪಗಾದ ಕಂಟ್ರೋಲರ್ ಇಟ್ಟೆ. “ಭಾವ, ನಿಮ್ಮ ಕೈಗೆ ಏನೂ ಆಗಿಲ್ಲ. ಅವತ್ತು ಇದು ಸುಟ್ಟಿದ್ದು. ನಾನು ಆರಿಸಿದ್ದು. ನಾನೇ ಎತ್ತಿಟ್ಕೊಂಡಿದ್ದೆ,” ಅಂದೆ. ಐದು ತಿಂಗಳು ಹೇಳದೆ ಇಟ್ಟುಕೊಂಡಿದ್ದದ್ದು ಇಷ್ಟೇ ಮಾತು.

ಭಾವ ಅದನ್ನು ಮುಟ್ಟಲಿಲ್ಲ. ಕಪಾಟಿನಿಂದ ಒಂದು ರಟ್ಟಿನ ಪೆಟ್ಟಿಗೆ ತೆಗೆದರು. ಒಳಗೆ ವಿಮಾನದ ಚೂರುಗಳು. ಒಂದೊಂದಕ್ಕೂ ಚೀಟಿ ಅಂಟಿಸಿ, ಬೇರೆ ಬೇರೆ ಕವರಿಗೆ ಹಾಕಿ ಇಟ್ಟಿದ್ದರು. ಕೊನೆಯ ಕವರು ಖಾಲಿ, ಅದರ ಮೇಲೆ ‘ಕಂಟ್ರೋಲರ್’ ಅಂತ ಬರೆದಿತ್ತು.

“ಮೈದಾನದಲ್ಲಿ ಕೈ ತಪ್ತು ಅಂತ ನಿಜವಾಗ್ಲೂ ಅಂದ್ಕೊಂಡಿದ್ದೆ,” ಅಂದರು. “ಮನೆಗೆ ಬಂದು ಜೋಡಿಸಿ ನೋಡಿದೆ. ಎಲ್ಲಾ ಇತ್ತು, ಇದೊಂದಿಲ್ಲ. ಇದು ಅಲ್ಲೇ ಬಿದ್ದಿದ್ದಿದ್ರೆ ಗೋಡೆಗೆ ಬಡಿದ ಏಟಿಗೆ ಸುಟ್ಟಿತೋ ಏನೋ ಅಂದ್ಕೊಂಡು ಸುಮ್ನಾಗ್ತಿದ್ದೆ. ಮೊದಲು ಓಡಿದೋನು ನೀನೊಬ್ಬನೇ ಅಲ್ವೇನೋ.”

“ಅವತ್ತೇ ಗೊತ್ತಿತ್ತಾ? ಹಾಗಾದ್ರೆ ಮೇಡಂಗೆ ಯಾಕೆ ಹೇಳ್ಲಿಲ್ಲ?”

“ಏನಂತ ಹೇಳ್ಲಿ? ನನ್ನ ಬಾಮೈದ ಜೇಬಿಗೆ ಹಾಕ್ಕೊಂಡ ಅಂತಲೋ?” ಅವರ ದನಿ ಏರಿದ್ದನ್ನು ನಾನು ಕೇಳಿದ್ದು ಅದೇ ಮೊದಲು. “ಒಂದು ವಾರದಲ್ಲಿ ಬರ್ತೀಯ ಅಂದ್ಕೊಂಡೆ. ಆಮೇಲೆ ಒಂದು ತಿಂಗಳು ಅಂದ್ಕೊಂಡೆ. ಗೊತ್ತಿಲ್ಲ ಭಾವ ಅಂತ ಅವತ್ತೇ ಒಂದು ಮಾತು ಅಂದಿದ್ರೆ ನಿನ್ನ ಅಂಗಡಿ ಬೋರ್ಡು ನಾನು ಕಿತ್ತು ಹಾಕ್ತಿದ್ನೇನೋ?”

ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಯಾವಾಗ ಬಂದಳೋ ಗೊತ್ತಿಲ್ಲ. ಅವಳು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. “ಅವರ ಕೈ ಹಿಡ್ಕೊಂಡು ದಿನಾ ನಡುಗ್ತಿದೆಯಾ ಅಂತ ನೋಡ್ತಿದ್ದೆ ಕಣೋ. ಐದು ತಿಂಗಳು. ನಿನಗೂ ಫೋನ್ ಮಾಡಿ ಅಳ್ತಿದ್ದೆ,” ಅಂದಳು. ಆಮೇಲೆ ಗಂಡನ ಕಡೆ ತಿರುಗಿ, “ನಿಮ್ಮನ್ನೂ ಬಿಡಲ್ಲ, ತಡೀರಿ,” ಅಂದು ಒಳಗೆ ಹೋದಳು.

“ನನಗೆ ಹೇಳಿ ಏನು ಪ್ರಯೋಜನ, ನನಗೆ ಗೊತ್ತಿತ್ತಲ್ಲ,” ಅಂದರು ಭಾವ. “ನಾಳೆ ಅಂಗಡಿಗೆ ಬಾ.”

ಹೋದೆ. ಮೇಡಂ ಇದ್ದರು, ಮೂರು ಜನ ಗಿರಾಕಿಗಳೂ ಇದ್ದರು. ಅವರಲ್ಲಿ ಒಬ್ಬರು ನನ್ನ ಹತ್ತಿರ ಪಂಪು ಸುತ್ತಿಸಿಕೊಂಡವರು. ಎಲ್ಲವನ್ನೂ ನಿಂತೇ ಹೇಳಿದೆ, ಜೇಬಿನ ವಿಷಯವನ್ನೂ ಸೇರಿಸಿ. ಎರಡು ನಿಮಿಷವೂ ಆಗಲಿಲ್ಲ. ಪಂಪಿನವರು ಗಡಿಯಾರ ನೋಡುವ ನೆಪ ಮಾಡಿದರು. ಮೇಡಂ ಭಾವನ ಕಡೆ ತಿರುಗಿ “ಸಾರಿ ಸರ್” ಅಂದರು. ಅದು ನಾನು ಅನ್ನಬೇಕಿದ್ದ ಮಾತು, ಅಷ್ಟೆಲ್ಲ ಹೇಳಿ ಅದನ್ನೇ ಮರೆತಿದ್ದೆ.

ಬೆಂಚು ತಕ್ಷಣ ಸಿಗಲಿಲ್ಲ. ಕೂತವರನ್ನು ಒಂದೇ ಸಲ ಎಬ್ಬಿಸುವುದು ಹೇಗೆ? ಇನ್ನೂ ಒಂದೂವರೆ ತಿಂಗಳು ಭಾವ ಕನ್ನಡಿ ಹಿಡಿದರು. ಸ್ಟೂಲು ವಾಪಸ್ ಸಿಕ್ಕಿದ ದಿನ ನನ್ನ ಕನ್ನಡಕವನ್ನು ಬಿಚ್ಚಿಸಿಕೊಂಡು, ಅರ್ಧ ಮಿಲಿ ತಪ್ಪಿದೆ ಅಂತ ಹೊಸ ಗಾಜು ಉಜ್ಜಿ ಕೂರಿಸಿದರು. ಈಗ ತಂತಿ ಒಂದೊಂದಾಗಿಯೇ ಕಾಣುತ್ತದೆ.

ಎರಡನೆಯ ವಿಮಾನದ ಮೈ ಮುಗಿದಾಗ ಅವರು ಮತ್ತೆ ಡಬ್ಬಿ ಹಿಡಿದು ನನ್ನ ಅಂಗಡಿಗೆ ಬಂದರು. ಬರುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ. ಗಿರಾಕಿಗಳು ಕೂತಿದ್ದರು. ಅದೇ ಮೋಟರನ್ನು ಬೆಂಚಿನ ಮೇಲಿಟ್ಟು, “ಯಾವ ಕಂಟ್ರೋಲರ್ ಹಾಕೋಣ, ಹೇಳು,” ಅಂದರು. ಮುಖದಲ್ಲಿ ನಗುವೂ ಇಲ್ಲ, ಕೋಪವೂ ಇಲ್ಲ.

“ನನಗೆ ಗೊತ್ತಿಲ್ಲ ಭಾವ,” ಅಂದೆ, ಎಲ್ಲರಿಗೂ ಕೇಳುವ ಹಾಗೆ. “ಪ್ರೊಪೆಲರ್ ಹಾಕಿ ನೋಡೋಣ.”

ಮೇಷ್ಟ್ರಿಂದ ನಲವತ್ತರ ಕಂಟ್ರೋಲರ್ ಕೇಳಿ ತಂದಿದ್ದರು. ಮೋಟರನ್ನು ಹಲಗೆಗೆ ಬಿಗಿದು, ಹಲಗೆಯನ್ನು ವೈಸಿನ ಕಬ್ಬಿಣದ ದವಡೆಗೆ ಕಚ್ಚಿಸಿ, ಎಲ್ಲರನ್ನೂ ಹಿಂದೆ ಸರಿಸಿ ಓಡಿಸಿದೆವು. ಬೆಂಚಿನ ಮೇಲಿದ್ದ ಕಾಗದಗಳೆಲ್ಲ ಹಾರಿದವು. ಮೀಟರಿನ ಅಂಕಿ ಹತ್ತು ದಾಟಿತು, ಇಪ್ಪತ್ತು ದಾಟಿತು, ಮೂವತ್ತೊಂದಕ್ಕೆ ಬಂದು ನಿಂತಿತು. ನಾನು ನಿಲ್ಲಿಸಲು ಕೈ ಚಾಚಿದೆ.

“ತಡಿ,” ಅಂದರು ಭಾವ, ಗಾಳಿಯ ಸದ್ದಿನ ಮೇಲೆ ದನಿ ಎತ್ತಿ. “ಇಳಿಯುತ್ತೆ ಅಂದಿದ್ದೆಯಲ್ಲ, ಇನ್ನೂ ಸ್ವಲ್ಪ ನೋಡೋಣ. ಕಾಯೋದು ನನಗೆ ಅಭ್ಯಾಸ ಆಗಿದೆ.”

ಅದು ಇಳಿಯಲಿಲ್ಲ. ನಾನು ತಲೆ ತಗ್ಗಿಸಿಕೊಂಡು ಮೀಟರನ್ನೇ ನೋಡುತ್ತ ಅವರ ಪಕ್ಕದಲ್ಲಿ ನಿಂತಿದ್ದೆ.